ಗಂಡ ಅಮೆರಿಕದಲ್ಲಿ, ಸಹಿ ಹಾಕುತ್ತಿಲ್ಲ. ಡೈವೋರ್ಸ್ ಮುಗಿಯುವ ಮೊದಲು ಜಾಯಿಂಟ್ ಹೋಮ್ ಲೋನ್ ನನ್ನೊಬ್ಬಳ ಹೆಸರಿಗೆ ಆಗುತ್ತಾ?

ಜೆಪಿನಗರ_ತಾಯಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

2018ರಲ್ಲಿ ನಾನೂ ನನ್ನ ಗಂಡನೂ ಸೇರಿ ಬೆಂಗಳೂರಿನ ಜೆ.ಪಿ. ನಗರದ ಕಡೆ ಒಂದು ಫ್ಲ್ಯಾಟ್ ತಗೊಂಡೆವು. ಕ್ರಯಪತ್ರ ಇಬ್ಬರ ಹೆಸರಲ್ಲಿದೆ, ಸಾಲವೂ ಇಬ್ಬರ ಹೆಸರಲ್ಲಿದೆ. 60 ಲಕ್ಷ, 20 ವರ್ಷ. ಕೈಯಿಂದ ಹಾಕಬೇಕಾಗಿದ್ದ ದುಡ್ಡಿಗೆ ನಮ್ಮಪ್ಪ ಪಿಎಫ್ ಹಣ ಕೊಟ್ಟರು, ನನ್ನ ಒಡವೆಯೂ ಅದಕ್ಕೇ ಹೋಯಿತು. 2021ರಲ್ಲಿ ಅವರು ಕೆಲಸದ ಮೇಲೆ ಟೆಕ್ಸಾಸ್‌ಗೆ ಹೋದರು. ನಾನೂ ಮಗಳೂ ಆಮೇಲೆ ಹೋಗುವುದು ಅಂತ ಮಾತಾಗಿತ್ತು, ಆಗಲಿಲ್ಲ. 2023ರಿಂದ ಇಎಂಐಗೆ ಅವರು ಒಂದು ರೂಪಾಯಿ ಕಳಿಸಿಲ್ಲ. ತಿಂಗಳಿಗೆ 54 ಸಾವಿರ, ಪೂರ್ತಿ ನನ್ನ ಸಂಬಳದಿಂದಲೇ ಹೋಗುತ್ತಿದೆ. ನನಗೆ ಕೈಗೆ ಬರುವುದು 98 ಸಾವಿರ. ಉಳಿದದ್ದರಲ್ಲಿ ಮಗಳ ಸ್ಕೂಲು, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್, ಮನೆ ಖರ್ಚು ಎಲ್ಲ ನಡೆಯಬೇಕು. ಸಾಲ ಇನ್ನೂ 49 ಲಕ್ಷ ಚಿಲ್ಲರೆ ಬಾಕಿ ಇದೆ.

ಈಗ ಅವರಿಗೆ ಡೈವೋರ್ಸ್ ಬೇಕು, ನನಗೂ ಬೇಕು. ಅದರಲ್ಲಿ ಜಗಳ ಇಲ್ಲ. ಜಗಳ ಇರುವುದು ಮನೆ ಮೇಲೆ. ಸಾಲ ನಾನೇ ತೀರಿಸುತ್ತೇನೆ, ಮನೆ ನನ್ನ ಹೆಸರಿಗೆ ಬರಲಿ, ನಾನು ಕೇಳುತ್ತಿರುವುದು ಇಷ್ಟೇ. ಮಗಳು ಇಲ್ಲೇ ಬೆಳೆದಿದ್ದಾಳೆ, ಸ್ಕೂಲು ನಡೆದು ಹೋಗುವಷ್ಟು ಹತ್ತಿರ, ಈ ಮನೆ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಇನ್ನೊಬ್ಬರ ಸಹಿ ಇಲ್ಲದೆ ಏನೂ ಮಾಡಕ್ಕಾಗಲ್ಲ ಮೇಡಂ" ಅಂತಾರೆ. ಅವರಿಗೆ ವಾಟ್ಸಾಪ್ ಮಾಡಿದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರಲ್ಲ. ವಾರಗಟ್ಟಲೆ ಕಳೆದ ಮೇಲೆ "ಮಾರಿಬಿಡು, ಇಲ್ಲಾಂದ್ರೆ ನನ್ನ ಪಾಲು 30 ಲಕ್ಷ ಕೊಡು" ಅಂತ ಒಂದೇ ಒಂದು ಸಾಲು.

ಡೈವೋರ್ಸ್ ಆರ್ಡರ್‌ನಲ್ಲಿ ಜಡ್ಜ್ "ಮನೆ ಹೆಂಡತಿಗೆ, ಸಾಲವೂ ಹೆಂಡತಿಯದೇ" ಅಂತ ಬರೆದರೆ ಬ್ಯಾಂಕ್ ಒಪ್ಪಲೇಬೇಕಾ? ಅವರು ಕೊನೆವರೆಗೂ ಸಹಿ ಹಾಕದಿದ್ದರೆ ಬೇರೆ ದಾರಿ ಇದೆಯಾ? ನನ್ನ ತಮ್ಮ ಹೇಳುವುದು, ಇಎಂಐ ನಿಲ್ಲಿಸಿಬಿಡಕ್ಕಾ, ಬ್ಯಾಂಕಿನವರೇ ಅವರ ಬೆನ್ನು ಬೀಳುತ್ತಾರೆ ಅಂತ. ಅದು ಸರಿಯಾ? ಗೊತ್ತಿರುವವರು ಹೇಳಿ, ನಿದ್ದೆ ಬರುತ್ತಿಲ್ಲ.

ನಿವೃತ್ತ_ಬ್ಯಾಂಕರ್_ಮೈಸೂರು:

ಅಮ್ಮಾ, ಮೊದಲು ನಿಮ್ಮ ತಮ್ಮನ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಇಎಂಐ ನಿಲ್ಲಿಸಬೇಡಿ. ಒಂದು ತಿಂಗಳೂ ಬೇಡ.

ಜಾಯಿಂಟ್ ಸಾಲ ಅಂದರೆ ಅರ್ಧ ಅವರದು ಅರ್ಧ ನಿಮ್ಮದು ಅಂತ ಅಲ್ಲ. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಸಾಲ ವಸೂಲಿ ಮಾಡುವ ಹಕ್ಕು ಬ್ಯಾಂಕಿಗೆ ಇದೆ. ಇದು 1872ರ ಕಾಂಟ್ರಾಕ್ಟ್ ಕಾಯ್ದೆಯ 43ನೇ ಸೆಕ್ಷನ್‌ನಲ್ಲೇ ಇದೆ. ಒಬ್ಬರು ಟೆಕ್ಸಾಸ್‌ನಲ್ಲಿ, ಇನ್ನೊಬ್ಬರು ಇಲ್ಲೇ, ಸಂಬಳ ಇಲ್ಲೇ, ಮನೆ ಇಲ್ಲೇ. ರಿಕವರಿಯವರು ಯಾರ ಬಾಗಿಲಿಗೆ ಬರುತ್ತಾರೆ ಹೇಳಿ? 90 ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಬ್ಯಾಂಕ್ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು, ಅದಾದ ಮೇಲೆ ಮನೆಯನ್ನೇ ವಶಕ್ಕೆ ತಗೊಳ್ಳಬಹುದು. ಅದಕ್ಕಿಂತ ಮೊದಲೇ ನಿಮ್ಮ ಸಿಬಿಲ್ ಸ್ಕೋರ್ ಬಿದ್ದಿರುತ್ತದೆ. ನಾಳೆ ನಿಮ್ಮೊಬ್ಬರ ಹೆಸರಿಗೆ ಸಾಲ ಬೇಕು ಅಂದಾಗ ಬ್ಯಾಂಕು ಮೊದಲು ನೋಡುವುದೇ ಅದನ್ನು.

ಅದೇ 43ನೇ ಸೆಕ್ಷನ್‌ನಲ್ಲಿ ನಿಮಗೆ ಅನುಕೂಲದ ಮಾತೂ ಇದೆ. ಒಬ್ಬರು ಪೂರ್ತಿ ಕಟ್ಟಿದ್ದರೆ ಇನ್ನೊಬ್ಬರ ಪಾಲನ್ನು ಅವರಿಂದ ಕೇಳಬಹುದು. ಹಾಗಾಗಿ 2023ರಿಂದ ನಿಮ್ಮ ಸಂಬಳದ ಖಾತೆಯಿಂದ ಹೋದ ಪ್ರತಿ ಇಎಂಐಯ ಸ್ಟೇಟ್‌ಮೆಂಟ್ ತೆಗೆಸಿ, ಬ್ಯಾಂಕಿನ ಸೀಲು ಹಾಕಿಸಿ ಇಟ್ಟುಕೊಳ್ಳಿ. ನಿಮ್ಮ ತಂದೆ ಕೊಟ್ಟ ದುಡ್ಡು ಯಾವ ಖಾತೆಯಿಂದ ಯಾರಿಗೆ ಹೋಯಿತು ಅನ್ನುವುದೂ ಇರಲಿ. ಒಡವೆ ಮಾರಿದ ಅಂಗಡಿಯ ರಸೀದಿ ಸಿಕ್ಕಿದರೆ ಅದೂ.

ಇನ್ನು ಕೋರ್ಟ್ ಆರ್ಡರ್ ವಿಷಯ. ಬ್ಯಾಂಕು ನಿಮ್ಮ ಡೈವೋರ್ಸ್ ಕೇಸಿನಲ್ಲಿ ಪಾರ್ಟಿ ಅಲ್ಲ. ಜಡ್ಜ್ ಸಾಲ ನಿಮ್ಮದು ಅಂತ ಬರೆದರೂ ಅದು ನಿಮ್ಮಿಬ್ಬರ ನಡುವಿನ ಮಾತು, ಬ್ಯಾಂಕಿನ ಪತ್ರದಲ್ಲಿ ಅವರ ಸಹಿ ಹಾಗೇ ಇರುತ್ತದೆ. ಬ್ಯಾಂಕು ಅವರ ಹೆಸರು ಕೈಬಿಡಬೇಕು ಅಂದರೆ, ನಿಮ್ಮೊಬ್ಬರ ಸಂಬಳದ ಮೇಲೆ ಈ ಸಾಲ ನಿಲ್ಲುತ್ತಾ ಅಂತ ಹೊಸ ಅರ್ಜಿ ಬಂದ ಹಾಗೆಯೇ ನೋಡುತ್ತದೆ.

ಇಲ್ಲಿ ನಿಮಗೆ ಒಂದು ತೊಡಕಿದೆ. 98 ಸಾವಿರಕ್ಕೆ 54 ಸಾವಿರ ಇಎಂಐ ಅಂದರೆ ಅರ್ಧಕ್ಕಿಂತ ಜಾಸ್ತಿ, ಮ್ಯಾನೇಜರ್ ಹಿಂದೆ ಮುಂದೆ ನೋಡುತ್ತಾರೆ. ಆದರೆ ಉಳಿದ 49 ಲಕ್ಷಕ್ಕೆ ಹೊಸದಾಗಿ 20 ವರ್ಷ ಹಾಕಿಸಿದರೆ, ಶೇ 8.5 ಬಡ್ಡಿ ಅಂತ ಇಟ್ಟುಕೊಂಡರೂ ಲಕ್ಷಕ್ಕೆ ಸುಮಾರು 868 ರೂಪಾಯಿ ಬೀಳುತ್ತದೆ. 49ಕ್ಕೆ ಗುಣಿಸಿ, ಸುಮಾರು 42,500. ಆಗ ಲೆಕ್ಕ ಕೂಡುತ್ತದೆ. ವರ್ಷ ಜಾಸ್ತಿ ಆದರೆ ಒಟ್ಟು ಬಡ್ಡಿ ಜಾಸ್ತಿ, ಅದು ನಿಜ. ಕೈಯಲ್ಲಿ ದುಡ್ಡು ಬಂದಾಗ ಮಧ್ಯೆ ಮಧ್ಯೆ ಕಟ್ಟಿ ಇಳಿಸಿಕೊಳ್ಳಿ, ಫ್ಲೋಟಿಂಗ್ (ಆಗಾಗ ಬದಲಾಗುವ) ದರದ ಗೃಹಸಾಲಕ್ಕೆ ಮೊದಲೇ ಕಟ್ಟಿದರೆ ದಂಡ ಇಲ್ಲ. ಆಗಲೂ ನಿಮ್ಮ ಸಂಬಳ ಸಾಕಾಗದಿದ್ದರೆ, ಸಂಬಳ ಇರುವ ತಮ್ಮನನ್ನೇ ಜೊತೆಗೆ ಸಾಲಗಾರ ಮಾಡಬಹುದಾ ಅಂತ ಕೇಳಿ.

ಈಗಿನ ಬ್ಯಾಂಕು ಒಪ್ಪದಿದ್ದರೆ ಟೇಕೋವರ್ ಮಾಡಿಸಿ. ಬೇರೆ ಬ್ಯಾಂಕು ನಿಮ್ಮ ಹೆಸರಿಗೆ ಸಾಲ ಕೊಟ್ಟು ಹಳೇ ಸಾಲ ತೀರಿಸುತ್ತದೆ. ಹಳೇ ಸಾಲವೇ ಮುಗಿದರೆ ಅದರಲ್ಲಿದ್ದ ಅವರ ಹೆಸರೂ ಮುಗಿಯಿತು. ಯಾವ ದಾರಿ ಹಿಡಿದರೂ ಒಂದು ಮಾತ್ರ ಮೊದಲು ಆಗಬೇಕು: ಮನೆಯಲ್ಲಿ ಅವರ ಪಾಲು ನಿಮಗೆ ಬಂದಿರಬೇಕು. ಮಾಲೀಕರಲ್ಲಿ ಒಬ್ಬರು ಸಾಲದ ಹೊರಗಿದ್ದರೆ ಯಾವ ಬ್ಯಾಂಕೂ ಅಡಮಾನ ತಗೊಳ್ಳುವುದಿಲ್ಲ.

ಕರಾವಳಿ_ಹೆಣ್ಣು:

ಅಕ್ಕ, ನಿಮ್ಮದು ಓದಿ ಮನಸ್ಸಿಗೆ ಬೇಜಾರಾಯಿತು, ಯಾಕಂದರೆ ನಾನು ಇದೇ ದಾರಿಯಲ್ಲಿ ಬಂದವಳು. ನನ್ನದು ಮಂಗಳೂರಿನ ಫ್ಲ್ಯಾಟ್, ಅವರು ದುಬೈ. ಕೊನೆಗೆ ಎಲ್ಲ ಆಯಿತು, ಮನೆ ಈಗ ನನ್ನ ಹೆಸರಲ್ಲೇ ಇದೆ. ಹಾಗಾಗಿ ಧೈರ್ಯ ಬಿಡಬೇಡಿ.

ನಿಮ್ಮ ಗಂಡ ಊರಿಗೆ ಬರಲೇಬೇಕು ಅಂತ ಇಲ್ಲ. ತಮ್ಮ ಅಪ್ಪನಿಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೊಟ್ಟರೆ ಅವರು ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ರಿಲೀಸ್ ಡೀಡ್‌ಗೆ, ಅಂದರೆ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಹಾಕುತ್ತಾರೆ. ನಮ್ಮ ಕೇಸಲ್ಲಿ ಅವರ ಅಣ್ಣ ಬಂದರು. ಬಂದು ಒಂದು ಮಾತೂ ಆಡದೆ ಸಹಿ ಹಾಕಿ ಹೋದರು, ಅದೇ ದೊಡ್ಡ ಉಪಕಾರ.

ಆದರೆ ಆ ಪವರ್ ಆಫ್ ಅಟಾರ್ನಿ ಪತ್ರ ಸರಿಯಾಗಿ ಬರುವಷ್ಟರಲ್ಲಿ ಸಾಕುಸಾಕಾಯಿತು. ಮೊದಲ ಸಲ ಅವರು ಕಳಿಸಿದ್ದರಲ್ಲಿ "ನನ್ನ ಎಲ್ಲಾ ಆಸ್ತಿ ನೋಡಿಕೊಳ್ಳಲು" ಅಂತ ಮಾತ್ರ ಇತ್ತು. ಹಕ್ಕು ಬಿಟ್ಟುಕೊಡುವ ಅಧಿಕಾರ ಅಂತ ಬಿಡಿಸಿ ಬರೆದಿರಲಿಲ್ಲ. ಎರಡನೇ ಪತ್ರದಲ್ಲಿ ಅಧಿಕಾರ ಇತ್ತು, ಫ್ಲ್ಯಾಟ್ ನಂಬರ್ ಕ್ರಯಪತ್ರದಲ್ಲಿ ಇದ್ದ ಹಾಗೆ ಇರಲಿಲ್ಲ. ಅದೂ ಅಲ್ಲದೆ ಪಾಸ್‌ಪೋರ್ಟಿನಲ್ಲಿ ಅವರಪ್ಪನ ಪೂರ್ತಿ ಹೆಸರು, ಕ್ರಯಪತ್ರದಲ್ಲಿ ಬರೀ ಇನಿಷಿಯಲ್. ಬ್ಯಾಂಕಿನವರು ಇವೆರಡೂ ಒಬ್ಬರೇ ಅನ್ನುವುದಕ್ಕೆ ಅಫಿಡವಿಟ್ ಕೇಳಿದರು. ಆದ್ದರಿಂದ ಅಕ್ಕ, ಕರಡು ನೀವೇ ನಿಮ್ಮ ವಕೀಲರ ಹತ್ತಿರ ಮಾಡಿಸಿ. ಷೆಡ್ಯೂಲ್ (ಆಸ್ತಿಯ ವಿವರ ಇರುವ ಭಾಗ) ಕ್ರಯಪತ್ರ ನೋಡಿಕೊಂಡು ಅಕ್ಷರ ಅಕ್ಷರ ಹಾಗೇ ಇಳಿಸಿ. ಬ್ಯಾಂಕಿನವರಿಗೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಮೊದಲೇ ತೋರಿಸಿ. ಆಮೇಲೆ ಅವರಿಗೆ ಪಿಡಿಎಫ್ ಕಳಿಸಿ, ಪ್ರಿಂಟ್ ತೆಗೆದು ಸಹಿ ಹಾಕುವುದಷ್ಟೇ ಅವರ ಕೆಲಸ ಇರಲಿ. ಮನಸ್ಸಿಲ್ಲದವರ ಹತ್ತಿರ ಕೆಲಸ ಮಾಡಿಸುವಾಗ ಅವರಿಗೆ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು, ನನ್ನ ಅನುಭವ ಇದು.

ದುಬೈನಿಂದ ಆದರೆ ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಣ ಮಾಡಿಸಬೇಕಾಯಿತು. ಅಮೆರಿಕದಿಂದ ಆದರೆ ನೋಟರಿ ಮುಂದೆ ಸಹಿ ಹಾಕಿ ಅಪೋಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಬಹುದು, ಎರಡು ದೇಶವೂ ಅಪೋಸ್ಟಿಲ್ ಒಪ್ಪಂದದಲ್ಲಿವೆ. ಕಾನ್ಸುಲೇಟ್ ದಾರಿಯೂ ಇದೆ. ನಿಮ್ಮ ಬ್ಯಾಂಕು ಯಾವುದು ಕೇಳುತ್ತದೆ ಅಂತ ಮೊದಲೇ ಬರಹದಲ್ಲಿ ತಗೊಳ್ಳಿ. ಪತ್ರ ಇಂಡಿಯಾಕ್ಕೆ ಬಂದ ಮೇಲೆ ಮೂರು ತಿಂಗಳ ಒಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿಸಿ. ಕೊರಿಯರ್ ಕವರ್ ಎಸೆಯಬೇಡಿ, ಯಾವಾಗ ಬಂತು ಅನ್ನುವುದಕ್ಕೆ ಅದೇ ಸಾಕ್ಷಿ.

ವಕೀಲೆ_ಬೆಂಗಳೂರು:

ಮೇಡಂ, ನಾನು ಫ್ಯಾಮಿಲಿ ಕೋರ್ಟಿನಲ್ಲಿ ಕೆಲಸ ಮಾಡುತ್ತೇನೆ. ಬ್ಯಾಂಕರ್ ಸರ್ ಹೇಳಿದ್ದು ಸರಿ, ಕೋರ್ಟಿನ ದಾರಿ ಬೇರೆ, ಬ್ಯಾಂಕಿನ ದಾರಿ ಬೇರೆ. ನಿಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ಮುಖ್ಯ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು.

ಅವರಿಗೂ ಡೈವೋರ್ಸ್ ಬೇಕು ಅಂದಿರಿ. ನಿಮ್ಮ ಕೈಯಲ್ಲಿರುವ ಬಲ ಅದೇ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಮ್ಯೂಚುವಲ್ (ಇಬ್ಬರೂ ಒಪ್ಪಿ ಕೇಳುವ ಡೈವೋರ್ಸ್) ಹಾಕಿದರೆ ಫಸ್ಟ್ ಮೋಷನ್ (ಮೊದಲ ಅರ್ಜಿ), ಸೆಕೆಂಡ್ ಮೋಷನ್ (ಕಾಯುವ ಅವಧಿ ಆದ ಮೇಲಿನದು) ಅಂತ ಎರಡು ಹಂತ ಇರುತ್ತದೆ. ಸೆಕೆಂಡ್ ಮೋಷನ್ ಆಗಿ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಬರುವವರೆಗೂ ಇಬ್ಬರ ಒಪ್ಪಿಗೆಯೂ ಬೇಕು. ಒಪ್ಪಂದದಲ್ಲಿ ಹೀಗೆ ಬರೆಸಿ: ರಿಲೀಸ್ ಡೀಡ್ ನೋಂದಣಿ ಆಗಿ, ಬ್ಯಾಂಕಿನ ಪತ್ರಗಳಿಗೆ ಸಹಿ ಬಿದ್ದ ಮೇಲೆಯೇ ಸೆಕೆಂಡ್ ಮೋಷನ್. "ಡಿಕ್ರಿ ಆದ ಮೇಲೆ ಆರು ತಿಂಗಳಲ್ಲಿ ಮಾಡಿಕೊಡುತ್ತೇನೆ" ಅಂತ ಬರೆಯಲು ಬಂದರೆ ಒಪ್ಪಬೇಡಿ, ದಯವಿಟ್ಟು. ಡಿಕ್ರಿ ಕೈಗೆ ಸಿಕ್ಕ ಮೇಲೆ ಫೋನ್ ಎತ್ತದವರನ್ನು ತುಂಬಾ ನೋಡಿದ್ದೇನೆ, ಹೆಂಗಸರು ಆ ಒಂದು ಸಾಲಿಗೋಸ್ಕರ ವರ್ಷಗಟ್ಟಲೆ ಅಲೆಯುತ್ತಾರೆ.

ಡಿಕ್ರಿಗೆ ಮೊದಲೇ ಮಾಡಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣ ದುಡ್ಡು. ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ಹಕ್ಕು ಬಿಡುಗಡೆ ಕುಟುಂಬದ ಒಳಗಿನದು ಅಂತ ಲೆಕ್ಕ, ಸ್ಟಾಂಪ್ ಡ್ಯೂಟಿ ಸಣ್ಣ ಮೊತ್ತ. ಡೈವೋರ್ಸ್ ಆದ ಮೇಲೆ ನೀವಿಬ್ಬರೂ ಹೊರಗಿನವರು, ಆಗ ಮಾರುಕಟ್ಟೆ ಬೆಲೆ ಮೇಲೆ ಲೆಕ್ಕ ಹಾಕುತ್ತಾರೆ. ನೋಂದಣಿಗೆ ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಬೇಕು, ಅದನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಬ್ಯಾಂಕಿನಿಂದ ಎನ್‌ಒಸಿಯೂ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಮೂಲ ಪತ್ರಗಳು ಅಲ್ಲೇ ಇರುವುದರಿಂದ. ಬ್ಯಾಂಕು "ರಿಲೀಸ್ ಡೀಡ್ ಮೊದಲು ತನ್ನಿ" ಅಂತಾರೆ, ಡೀಡ್ ಮಾಡಲು ಹೋದರೆ "ಬ್ಯಾಂಕಿನ ಎನ್‌ಒಸಿ ತನ್ನಿ" ಅಂತಾರೆ. ಇದನ್ನು ಬಿಡಿಸುವುದು ಹೇಗೆ ಅಂದರೆ, ರಿಲೀಸ್ ಡೀಡ್ ಆಗುವ ಷರತ್ತಿನ ಮೇಲೆ ನಿಮ್ಮೊಬ್ಬರ ಹೆಸರಿಗೆ ಸಾಲ ಮಂಜೂರು ಅಂತ ಒಂದು ಪತ್ರ ತಗೊಳ್ಳಿ, ಎನ್‌ಒಸಿ ಜೊತೆಗೇ ಬರುತ್ತದೆ.

ಅವರು ಮ್ಯೂಚುವಲ್‌ಗೆ ಖುದ್ದಾಗಿ ಬರಬೇಕಿಲ್ಲ. 2017ರ ಅಮರ್‌ದೀಪ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿಡಿಯೋ ಕಾನ್ಫರೆನ್ಸ್ ಬಳಸಬಹುದು ಅಂದಿದೆ, ಆರು ತಿಂಗಳ ಕಾಯುವ ಅವಧಿಯನ್ನೂ ಸೂಕ್ತ ಕೇಸಿನಲ್ಲಿ ಬಿಡಬಹುದು ಅಂದಿದೆ. ರಜೆ ಸಿಗಲ್ಲ, ವೀಸಾ ತೊಂದರೆ ಅನ್ನುವ ನೆಪಕ್ಕೆ ಇಲ್ಲಿ ಜಾಗ ಇಲ್ಲ.

ಅವರು ಯಾವುದಕ್ಕೂ ಬಗ್ಗದಿದ್ದರೆ? ಆಗ ನೀವೇ ಅರ್ಜಿ ಹಾಕಬೇಕು. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಗಂಡ ಹೆಂಡತಿಯ ಆಸ್ತಿ ವ್ಯಾಜ್ಯವನ್ನೂ ಅದೇ ಕೋರ್ಟು ನೋಡಬಹುದು. ಡೈವೋರ್ಸ್ ಜೊತೆಗೆ ಮನೆಯ ವಿಷಯವನ್ನೂ ಕೇಳಿ, ಫ್ಲ್ಯಾಟಿನ ಷೆಡ್ಯೂಲ್ ಅರ್ಜಿಯಲ್ಲೇ ಇರಲಿ. ಯಾಕೆ ಅಂದರೆ, ಅರ್ಜಿಯಲ್ಲಿ ಇಲ್ಲದ ಆಸ್ತಿ ಕೊನೆಗೆ ರಾಜಿ ಡಿಕ್ರಿಯಲ್ಲಿ ಬಂದರೆ ಅದನ್ನು ಮತ್ತೆ ನೋಂದಣಿ ಮಾಡಿಸಬೇಕು. ಅಮೆರಿಕಕ್ಕೆ ಸಮನ್ಸು, ವಿದೇಶಕ್ಕೆ ಕೋರ್ಟ್ ಪತ್ರ ತಲುಪಿಸುವ ಹೇಗ್ ಒಪ್ಪಂದದ ಪ್ರಕಾರ, ಕೇಂದ್ರ ಕಾನೂನು ಸಚಿವಾಲಯದ ಮೂಲಕ ಹೋಗುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಜೊತೆಗೆ ಇಮೇಲ್‌ನಲ್ಲೂ ಕಳಿಸಲು ಕೋರ್ಟಿನ ಅನುಮತಿ ಕೇಳಿ. ಸಮನ್ಸು ತಲುಪಿಯೂ ಬರದಿದ್ದರೆ ಅವರ ಗೈರುಹಾಜರಿಯಲ್ಲೇ ಕೇಸು ಮುಂದೆ ಹೋಗುತ್ತದೆ.

ಡೀಡ್ ಮಾಡಿಕೊಡು ಅಂತ ಡಿಕ್ರಿ ಆಗಿ, ಆಮೇಲೂ ಅವರು ಮಾಡಿಕೊಡದಿದ್ದರೆ ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 21, ರೂಲ್ 34 ಇದೆ. ಅವರ ಪರವಾಗಿ ಕೋರ್ಟೇ ಪತ್ರಕ್ಕೆ ಸಹಿ ಹಾಕಿಸಿ ನೋಂದಣಿ ಮಾಡಿಸಿಕೊಡುತ್ತದೆ. ಇದು ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ. ಸಹಿ ಇಲ್ಲದೆ ಆಗುತ್ತದೆ, ನಿಧಾನ ಆಗುತ್ತದೆ.

ಆ ಮಧ್ಯೆ ಅವರು ತಮ್ಮ ಪಾಲನ್ನು ಯಾರಿಗಾದರೂ ಬರೆದುಕೊಡಬಾರದು ಅಂದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ತಡೆ ಕೇಳಬಹುದು. ದುಡ್ಡು ಕೊಡದೆ ಕೈಬಿಡುವುದೂ ಆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ. ಇಎಂಐ ಪಾಲು, ಮಗಳ ಖರ್ಚು ಎರಡನ್ನೂ ಮಧ್ಯಂತರವಾಗಿ ಕೇಳಿ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ಡಾಲರ್ ಸಂಬಳ ಎಷ್ಟು ಅಂತ ಅವರು ಬರೆದು ಕೊಡಬೇಕಾಗುತ್ತದೆ.

ಜೆಪಿನಗರ_ತಾಯಿ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ತಮ್ಮನಿಗೂ ಓದಿಸಿದೆ, ಇಎಂಐ ನಿಲ್ಲಿಸುವ ಮಾತು ಬಿಟ್ಟ. ಅವನೇ ಜೊತೆಗೆ ಸಾಲಕ್ಕೆ ಸಹಿ ಹಾಕುತ್ತೇನೆ ಅಂದ.

ಇನ್ನೆರಡು ಕೇಳಬೇಕಿತ್ತು. ಒಂದು, ಆ 30 ಲಕ್ಷ. ಅಕ್ಕಪಕ್ಕದ ಫ್ಲ್ಯಾಟು ಈಗ 1 ಕೋಟಿ 10 ಲಕ್ಷಕ್ಕೆ ಹೋಗುತ್ತಿದೆ, ಸಾಲ ಕಳೆದು ಅರ್ಧ ಮಾಡಿ 30 ಅಂತಿದ್ದಾರೆ ಅನಿಸುತ್ತದೆ. ನಾನು ಕೊಡಲೇಬೇಕಾ? ಇನ್ನೊಂದು, ನಿನ್ನೆ ರಾತ್ರಿ ಮೆಸೇಜ್ ಬಂದಿದೆ, ಟೆಕ್ಸಾಸ್ ಕೋರ್ಟಿನಲ್ಲೇ ಡೈವೋರ್ಸ್ ತಗೊಂಡು ಮನೆ ಮಾರಿಸುತ್ತೇನೆ ಅಂತ. ಹಾಗೆ ಮಾಡಬಹುದಾ? ಓದಿದಾಗಿಂದ ಕೈಕಾಲು ನಡುಗುತ್ತಿದೆ.

ನಿವೃತ್ತ_ಬ್ಯಾಂಕರ್_ಮೈಸೂರು:

ಅಮ್ಮಾ, 30 ಲಕ್ಷದ್ದು ನಾನು ಹೇಳುತ್ತೇನೆ, ಟೆಕ್ಸಾಸ್‌ದು ವಕೀಲರು ಹೇಳಲಿ. ಅವರ ಲೆಕ್ಕದಲ್ಲಿ 2023ರಿಂದ ನೀವು ಕಟ್ಟಿದ್ದು ಎಲ್ಲಿದೆ? ಅವರ ಅರ್ಧ ತಿಂಗಳಿಗೆ 27 ಸಾವಿರ, ವರ್ಷಕ್ಕೆ 3 ಲಕ್ಷ 24 ಸಾವಿರ, ಅದನ್ನು ಕಳೆಯಿರಿ. ನಿಮ್ಮ ತಂದೆಯ ಪಿಎಫ್, ನಿಮ್ಮ ಒಡವೆ ಕಳೆಯಿರಿ. ಮಗಳ ಖರ್ಚಿನಲ್ಲಿ ಅವರ ಪಾಲು, ನಿಮ್ಮ ಜೀವನಾಂಶ ಕಳೆಯಿರಿ. ಆಮೇಲೆ ಉಳಿಯುವುದು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಮೀಡಿಯೇಷನ್‌ನಲ್ಲಿ (ಕೋರ್ಟಿನ ರಾಜಿ ಮಾತುಕತೆ) ಮೇಜಿನ ಮೇಲೆ ಇಡಿ. ಕೊನೆಗೆ ಏನಾದರೂ ಕೊಡುವುದೇ ಆದರೆ ನೇರವಾಗಿ ಕಳಿಸಬೇಡಿ. ಅವರು ಎನ್‌ಆರ್‌ಐ, ಮನೆ ಪಾಲಿಗೆ ಅಂತ ದುಡ್ಡು ಕೊಟ್ಟರೆ ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯುವ ಜವಾಬ್ದಾರಿ ನಿಮ್ಮ ಮೇಲೆ ಬರುತ್ತದೆ, ಇಲ್ಲಿನವರಿಗೆ ಹಿಡಿಯುವ ಶೇ 1ರ ಲೆಕ್ಕ ಅಲ್ಲಿ ನಡೆಯಲ್ಲ. ಮೊದಲು ಒಬ್ಬ ಸಿಎ ಹತ್ತಿರ ಹೋಗಿ.

ಸಾಲದ ಖಾತೆ ಓಡಿ (ಓವರ್‌ಡ್ರಾಫ್ಟ್) ಮಾದರಿಯದಾ ಅಂತಲೂ ನೋಡಿ. ಅದರಲ್ಲಿ ಜಾಸ್ತಿ ಕಟ್ಟಿಟ್ಟ ದುಡ್ಡನ್ನು ವಾಪಸ್ ತೆಗೆಯಬಹುದು, ಖಾತೆ ಜಾಯಿಂಟ್ ಇದ್ದರೆ ಅವರೂ ತೆಗೆಯಬಹುದು. ಹಾಗಿದ್ದರೆ ಇಬ್ಬರ ಸಹಿ ಇಲ್ಲದೆ ದುಡ್ಡು ಬಿಡಬೇಡಿ ಅಂತ ಬ್ಯಾಂಕಿಗೆ ಇವತ್ತೇ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ.

ವಕೀಲೆ_ಬೆಂಗಳೂರು:

ಮೇಡಂ, ಹೆದರಬೇಡಿ. ಬೆಂಗಳೂರಿನ ಫ್ಲ್ಯಾಟಿನ ಹಕ್ಕನ್ನು ಟೆಕ್ಸಾಸ್ ಕೋರ್ಟು ಬದಲಾಯಿಸಲು ಆಗಲ್ಲ. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟೇ ಅದನ್ನು ತೀರ್ಮಾನ ಮಾಡಬೇಕು. ನೀವು ಸಹಿ ಹಾಕದೆ ಇಡೀ ಮನೆ ಮಾರುವುದಂತೂ ಸಾಧ್ಯವೇ ಇಲ್ಲ.

ಡೈವೋರ್ಸ್ ವಿಷಯಕ್ಕೆ ಬಂದರೆ, 1991ರ ವೈ. ನರಸಿಂಹ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಮದುವೆ ಯಾವ ಕಾನೂನಿನಲ್ಲಿ ಆಯಿತೋ ಆ ಕಾನೂನಿನ ಕಾರಣದ ಮೇಲೆ ಡೈವೋರ್ಸ್ ಆಗಿರಬೇಕು, ಇನ್ನೊಬ್ಬರು ಆ ಕೋರ್ಟಿಗೆ ಸ್ವಇಚ್ಛೆಯಿಂದ ಒಪ್ಪಿ ಹಾಜರಾಗಿರಬೇಕು. ಇಲ್ಲದಿದ್ದರೆ ಆ ಡಿಕ್ರಿಗೆ ಇಲ್ಲಿ ಬೆಲೆ ಇಲ್ಲ. ಅಂದರೆ ಅಲ್ಲಿಂದ ಪತ್ರ ಬಂದಾಗ ನೀವು ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಸುಮ್ನೆ ಪಕ್ಕಕ್ಕೆ ಇಡಬೇಡಿ. ಗಾಬರಿಯಲ್ಲಿ ಯಾವ ಫಾರಂಗೂ ಸಹಿ ಹಾಕಿ ಕಳಿಸಬೇಡಿ, ನೋಟಿಸು ಮನ್ನಾ ಮಾಡಿದೆ ಅನ್ನುವ ಫಾರಂ ಅಂತೂ ಬೇಡವೇ ಬೇಡ. ವಕೀಲರಿಗೆ ತೋರಿಸಿ, ಈ ಕೋರ್ಟಿನ ವ್ಯಾಪ್ತಿಗೆ ನಾನು ಒಪ್ಪುವುದಿಲ್ಲ ಅನ್ನುವ ಆಕ್ಷೇಪಣೆ ಮಾತ್ರ ಹೋಗುವ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಅವರು ಅಲ್ಲಿ ಹಾಕುವ ಮೊದಲು ನೀವು ಇಲ್ಲಿ ಹಾಕಿಬಿಡಿ.

ಫೀಸಿನ ಚಿಂತೆ ಇದ್ದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ, ಫ್ಯಾಮಿಲಿ ಕೋರ್ಟೂ ಅಲ್ಲೇ, ಮೀಡಿಯೇಷನ್ ಸೆಂಟರೂ ಅಲ್ಲೇ, ಕಾನೂನು ಸೇವಾ ಪ್ರಾಧಿಕಾರವೂ ಅಲ್ಲೇ ಇದೆ. ಹೆಂಗಸರಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿ ನೋಡುವುದಿಲ್ಲ, ಸಂಬಳ ಬರುತ್ತದೆ ಅಂತ ಹಿಂಜರಿಯಬೇಡಿ. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ಕ್ರಯಪತ್ರದ ನಕಲು, ಸಾಲದ ಮಂಜೂರಾತಿ ಪತ್ರ, ಇಎಂಐ ಸ್ಟೇಟ್‌ಮೆಂಟ್, ಆ 30 ಲಕ್ಷದ ಮೆಸೇಜು ಮತ್ತು ನಿನ್ನೆಯ ಮೆಸೇಜಿನ ಸ್ಕ್ರೀನ್‌ಶಾಟ್ ಇಷ್ಟು ತಗೊಂಡು ಹೋಗಿ. ಮೆಸೇಜುಗಳನ್ನು ಫೋನಿನಿಂದ ಅಳಿಸಬೇಡಿ, ಫೋನ್ ಬದಲಾಯಿಸಿದರೆ ಹಳೇದನ್ನೂ ಇಟ್ಟುಕೊಂಡಿರಿ.